ಸಹಾಯ ಬೇಕು: ಎಕ್ಸ್‌ರೇ ನಾರ್ಮಲ್, ಆದರೂ ಮಣಿಕಟ್ಟಿನ ನೋವು ಹೋಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ತಮ್ಮ ಜಾರಿ ಬೀಳುವಾಗ ಅಂಗೈ ಊರಿದ್ದ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಉಳುಕಿರಬಹುದು ಅಂತ ಐಸ್ ಇಟ್ಟೆವು, ಕ್ರೇಪ್ ಬ್ಯಾಂಡೇಜ್ ಕಟ್ಟಿದೆವು, ನೋವಿನ ಮಾತ್ರೆಯೂ ಆಯಿತು. ಊತ ಇಳಿದಿದೆ. ಆದರೆ ಹೆಬ್ಬೆರಳು ಮೇಲೆತ್ತಿದಾಗ ಅದರ ಬುಡದಲ್ಲಿ ಸಣ್ಣ ಗುಳಿ ಬೀಳುತ್ತದಲ್ವಾ, ಅಲ್ಲಿ ಒತ್ತಿದರೆ ಕಿರುಚುತ್ತಾನೆ. ಬಾಟಲಿ ಮುಚ್ಚಳ ತಿರುಗಿಸಲೂ ಆಗುತ್ತಿಲ್ಲ.

ಸ್ಕೇಫಾಯ್ಡ್ ಮೂಳೆ (ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆ ಇರುವ ಸಣ್ಣ ಮೂಳೆ) ಬಿರುಕು ಬಿಟ್ಟಿರಬಹುದು, ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೇ ಇರುವುದುಂಟು ಅಂತ ಡಾಕ್ಟರು ಈಗ ಮಣಿಕಟ್ಟು ಅಲುಗದಂತೆ ಸ್ಪ್ಲಿಂಟ್ ಹಾಕಿದ್ದಾರೆ. 10ರಿಂದ 14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ಅಂದಿದ್ದಾರೆ. ಆ ಮೂಳೆಗೆ ರಕ್ತ ಹರಿಯುವುದೇ ಕಡಿಮೆ, ಕೂಡದಿದ್ದರೆ ಆಪರೇಷನ್ ಬೇಕಾಗಬಹುದು ಎಂದು ಕೇಳಿದಾಗಿನಿಂದ ತುಂಬಾ ಭಯ. ಇನ್ನೊಬ್ಬ ಡಾಕ್ಟರು ಸುಮ್ನೆ ಕಾಯಬೇಡಿ, ಎಂಆರ್‌ಐ ಮಾಡಿಸಿ ಅನ್ನುತ್ತಾರೆ.

ಸ್ಪ್ಲಿಂಟ್‌ನಲ್ಲೇ ಎರಡನೇ ಎಕ್ಸ್‌ರೇವರೆಗೆ ಕಾದರೆ ತೊಂದರೆ ಇದೆಯಾ? ಈಗಲೇ ಎಂಆರ್‌ಐ ಮಾಡಿಸಿದರೆ ಚಿಕಿತ್ಸೆ ಏನಾದರೂ ಬದಲಾಗುತ್ತದಾ? ಗೊತ್ತಿರುವವರು ದಯವಿಟ್ಟು ತಿಳಿಸಿ.