ಅಪ್‌ಡೇಟ್: ಸೆಷನ್ನಲ್ಲಿ ಹೇಳಿದ್ದನ್ನ ಅಮ್ಮಂಗೆ ಹೇಳ್ಬಿಟ್ಟ ಕೌನ್ಸೆಲರ್ ವಿಷ್ಯ

ಹೋದ ತಿಂಗ್ಳು ಕೇಳಿದ್ನಲ್ಲ, ನಾನು ಲವ್ ವಿಷ್ಯ ಹೇಳ್ಕೊಂಡಿದ್ದನ್ನ ಕೌನ್ಸೆಲರ್ ನಮ್ಮಮ್ಮಂಗೆ ಫೋನ್ ಮಾಡಿ ಹೇಳ್ಬಿಟ್ಟಿದಾರೆ, ಕಂಪ್ಲೇಂಟ್ ಎಲ್ಲಿ ಕೊಡ್ಲಿ ಅಂತ. ಸುಮಾರು ಜನ ಆರ್‌ಸಿಐಗೆ (ಭಾರತೀಯ ಪುನರ್ವಸತಿ ಪರಿಷತ್ತು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನ ನೋಂದಾಯಿಸೋ ಸಂಸ್ಥೆ) ಬರೀರಿ ಅಂದ್ರಿ. ಅಲ್ಲಿನ ಪಟ್ಟೀಲಿ ಹುಡುಕಿದ್ರೆ ಕೌನ್ಸೆಲರ್ ಹೆಸ್ರೇ ಇಲ್ಲ, ಆರ್‌ಸಿಐ ನೋಂದಣಿ ಬೇಕಿರೋದು ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗಂತೆ, ಇವ್ರದ್ದು ಬರೀ ಎಂಎ (ಬೋರ್ಡಲ್ಲಿ ಮಾತ್ರ ದಪ್ಪಕ್ಷರದಲ್ಲಿ ಸೈಕಾಲಜಿಸ್ಟ್!).

ಆದ್ರೆ ಅವ್ರು ಕೆಲ್ಸ ಮಾಡೋದು ಮಾನಸಿಕ ರೋಗಿಗಳನ್ನ ಅಡ್ಮಿಟ್ ಮಾಡ್ಕೊಳ್ಳೋ ಆಸ್ಪತ್ರೇಲಿ, ಹಂಗಾಗಿ ಅಂಥ ಆಸ್ಪತ್ರೆಗಳಿಗೆ ಅನ್ವಯಿಸೋ 2017ರ ಮಾನಸಿಕ ಆರೋಗ್ಯ ಕಾಯ್ದೆ ಹಿಡ್ಕೊಂಡೆ, 23ನೇ ಸೆಕ್ಷನ್ ಗೌಪ್ಯತೆದು, 28 ದೂರು ಕೊಡೋ ಹಕ್ಕಿಂದು, ಮೊದ್ಲು ಆಸ್ಪತ್ರೆ ಉಸ್ತುವಾರಿ ಡಾಕ್ಟ್ರಿಗೆ, ಅಲ್ಲಿ ಆಗ್ಲಿಲ್ಲಾಂದ್ರೆ ಈ ಕಾಯ್ದೆ ಕೆಳಗಿನ ಮಾನಸಿಕ ಆರೋಗ್ಯ ರಿವ್ಯೂ ಬೋರ್ಡ್‌ಗೆ, ಆಮೇಲೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ. ಡೇಟ್, ಟೈಮು, ಅಮ್ಮನ ಕಾಲ್ ಲಾಗ್ ಸ್ಕ್ರೀನ್‌ಶಾಟ್ ಎಲ್ಲಾ ಹಾಕಿ ಉಸ್ತುವಾರಿ ಡಾಕ್ಟ್ರಿಗೆ ಮೇಲ್ ಕಳ್ಸಿದೆ.

ನಾಕೇ ದಿನಕ್ಕೆ ಕರೆದ್ರು. ಕೌನ್ಸೆಲರ್ "ತಾಯಿಗೆ ತಾನೇ ಹೇಳಿದ್ದು, ನಿಮ್ ಒಳ್ಳೇದಕ್ಕೇ" ಅಂತ ಶುರು ಹಚ್ಕೊಂಡ್ರು. ಡಾಕ್ಟ್ರು ಅಲ್ಲೇ ತಡೆದು, ಪ್ರಾಣಕ್ಕೆ ಅಪಾಯ ಇದ್ರೆ ಆ ಮಾತು ಬೇರೆ, 26 ವರ್ಷದೋರ ಲವ್ ಮ್ಯಾಟರ್‌ಗೆ ಅದು ಅನ್ವಯಿಸಲ್ಲ ಅಂದ್ರು. ನಂಗೆ ಅಷ್ಟೇ ಸಾಕಿತ್ತು ನೋಡಿ. ಬರವಣಿಗೇಲಿ ಕ್ಷಮೆ ಕೇಳಿದಾರೆ, ನನ್ ರೆಕಾರ್ಡ್ಸ್ ಕಾಪಿನೂ ಕೊಟ್ರು. ಬೋರ್ಡ್‌ಗೆ ಹೋಗಲ್ಲ.

ಅಮ್ಮ ಮಾತ್ರ ಇನ್ನೂ ಸರಿಯಾಗಿ ಮಾತಾಡ್ತಿಲ್ಲ, ಊಟಕ್ಕೆ ಕರೀತಾಳೆ ಅಷ್ಟೇ.