‘ಖುಲಾಸೆ’ಯೋ ‘ನಿರ್ದೋಷಿ’ಯೋ: ಒಂದು ಕೊಲೆ ಕೇಸಿನ ಕೊನೆಯ ಪದ

ಸ್ನೇಹಿತರೇ,

ಕಾರವಾರದ ಗೆಳೆಯನೊಬ್ಬನ ಕಾದಂಬರಿಯ ಕರಡು ತಿದ್ದುತ್ತಾ ಇದ್ದೇನೆ. ಕೊಲೆ ಕೇಸು, ಸೆಷನ್ಸ್ ಕೋರ್ಟು, ಇಬ್ಬರು ವಕೀಲರು. ಇಬ್ಬರೂ ಸಾಚಾ ಅಲ್ಲ. ತನ್ನ ಕಕ್ಷಿದಾರನೇ ಕೊಂದಿದ್ದು ಅಂತ ಆರೋಪಿ ಪರ ವಕೀಲನಿಗೆ ಮೊದಲ ದಿನದಿಂದ ಗೊತ್ತು. ಸರ್ಕಾರಿ ವಕೀಲ ಹಳೇ ಹಂಗಿಗೆ ಬಿದ್ದು, ಮುಖ್ಯ ಸಾಕ್ಷಿಗೆ ಕೇಳಲೇಬೇಕಾದ ಪ್ರಶ್ನೆ ಕೇಳುವುದಿಲ್ಲ. ಪಂಚನಾಮೆಗೆ ಸಹಿ ಹಾಕಿದವನು ಕಟಕಟೆ ಹತ್ತಿ, "ಸಹಿ ನಂದೇ. ಆದ್ರೆ ಸ್ಟೇಷನ್ನಿನಲ್ಲಿ ಕೂರಿಸಿ ಹಾಕಿಸಿಕೊಂಡ್ರು" ಅಂತ ಉಲ್ಟಾ ಹೊಡೆಯುತ್ತಾನೆ. ಕೇಸು ಅಲ್ಲಿಗೇ ಬಿದ್ದುಹೋಗುತ್ತದೆ. ಕೊನೇ ಪುಟದಲ್ಲಿ ಗೆಳೆಯ ಬರೆದಿದ್ದು ಇಷ್ಟು: "ನ್ಯಾಯಾಧೀಶರು ಅವನನ್ನು ನಿರ್ದೋಷಿ ಎಂದು ಸಾರಿದರು."

ನಾನು ಆ ‘ನಿರ್ದೋಷಿ’ಗೆ ಸುತ್ತು ಹಾಕಿ ಪಕ್ಕದಲ್ಲಿ ‘ಖುಲಾಸೆ’ ಅಂತ ಬರೆದೆ. ಅವನು ಒಪ್ಪುತ್ತಿಲ್ಲ. ಎರಡು ವಾರದಿಂದ ಇದೇ ಚರ್ಚೆ.

ನನ್ನ ವಾದ ಇದು. ದೋಷ ಇಲ್ಲ ಅನ್ನೋದು ಒಂದು, ದೋಷ ಸಾಬೀತಾಗಲಿಲ್ಲ ಅನ್ನೋದು ಇನ್ನೊಂದು. ಸಂಶಯದ ಲಾಭ ಕೊಟ್ಟು ಬಿಟ್ಟಾಗ ಕೋರ್ಟು ಹೇಳುವುದು ಎರಡನೆಯದನ್ನು ಮಾತ್ರ. ಓದುಗರಿಗೆ ಕೊಂದವನು ಯಾರು ಅಂತ ಗೊತ್ತು, ಇಬ್ಬರೂ ವಕೀಲರಿಗೆ ಗೊತ್ತು. ಅಲ್ಲಿ ‘ನಿರ್ದೋಷಿ’ ಅಂದುಬಿಟ್ಟರೆ ನ್ಯಾಯಾಧೀಶರ ಬಾಯಲ್ಲಿ ಅವರು ಆಡದ ಮಾತು ತುರುಕಿದ ಹಾಗೆ.

ಗೆಳೆಯನ ವಾದದಲ್ಲೂ ಹುರುಳಿದೆ. ಕಾರವಾರದ ಕಿವಿಗೆ ಖುಲಾಸೆ ಅಂದ್ರೆ ಬೇರೆ ಅರ್ಥವೂ ಕೇಳಿಸುತ್ತದೆ. ಮರಾಠಿಯಲ್ಲಿ ಖುಲಾಸಾ ಅಂದ್ರೆ ವಿವರಣೆ, ಸ್ಪಷ್ಟನೆ. ಆರೋಪಿಯನ್ನು ಬಿಟ್ಟರೆ ಮರಾಠಿ ಪೇಪರಿನಲ್ಲಿ ‘ನಿರ್ದೋಷ ಮುಕ್ತತಾ’ ಅಂತ ಬರುತ್ತದೆ. ನಮ್ಮ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಆ ಕಾಲದ ಕಚೇರಿ ಮಾತು ಇನ್ನೂ ಉಳಿದಿದೆ. ಹಳೇ ಮೈಸೂರಿನವರು ಮಹಜರು ಅನ್ನೋದಕ್ಕೆ ನಾವು ಪಂಚನಾಮೆ ಅಂತೀವಲ್ಲ, ಹಾಗೆ. ಗೆಳೆಯನ ‘ನಿರ್ದೋಷಿ’ ಆ ಗಾಳಿಯಲ್ಲೇ ಬಂದಿರಬೇಕು.

ಆದ್ರೂ ‘ಖುಲಾಸೆ’ಯನ್ನು ಬಿಡೋಕೆ ಮನಸ್ಸಿಲ್ಲ. ಅದಕ್ಕೆ ಇನ್ನೊಂದು ಕಾರಣ ಇದೆ. ಮಾರ್ಕೆಟ್ಟಿನಲ್ಲಿ ಬುಟ್ಟಿ ಬರಿದಾದಾಗ ಮೀನು ಮಾರುವಾಕೆ "ಬಂಗಡೆ ಖಲಾಸ್" ಅಂತಾಳೆ. ಕಾದಂಬರಿಯ ಮೂರನೇ ಅಧ್ಯಾಯದಲ್ಲಿ ಒಬ್ಬ ಹೇಳ್ತಾನೆ, "ರಾತ್ರಿನೇ ಅವನನ್ನ ಖಲಾಸ್ ಮಾಡಿದ್ರು" ಅಂತ. ಖಲಾಸ್, ಖುಲಾಸೆ ಎರಡೂ ಅರಬ್ಬಿಯ ಒಂದೇ ಬೇರಿನಿಂದ ಬಂದವು. ಮುಗಿಯೋದು, ಬಿಡುಗಡೆಯಾಗೋದು, ತಿಳಿಯಾಗೋದು ಎಲ್ಲ ಆ ಬೇರಿನಲ್ಲಿವೆ. ಸತ್ತವನು ಖಲಾಸ್, ಕೊಂದವನು ಖುಲಾಸೆ. ಇದನ್ನು ಗೆಳೆಯನಿಗೆ ತೋರಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ನೆ ಕೂತ.

ಬೇರೆ ಪದಗಳನ್ನೂ ನೋಡಿದೆವು. ‘ಬಿಡುಗಡೆ’ ತೀರಾ ಅಗಲ. ಜಾಮೀನು ಸಿಕ್ಕರೂ ಬಿಡುಗಡೆ, ಶಿಕ್ಷೆ ಮುಗಿದರೂ ಬಿಡುಗಡೆ. ವಿಚಾರಣೆಗೆ ಮೊದಲೇ, ಆರೋಪ ಹೊರಿಸಲು ಆಧಾರ ಸಾಲದು ಅಂತ ಕೈಬಿಟ್ಟರೂ ಅದೇ ಮಾತು. ಅದು ಹಳೇ ಸಿಆರ್‌ಪಿಸಿಯ, ಅಂದ್ರೆ ದಂಡ ಪ್ರಕ್ರಿಯಾ ಸಂಹಿತೆಯ, 227ನೇ ಕಲಂ, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 250. ಹಾಗೆ ಬಿಟ್ಟವನನ್ನು ಹೊಸ ಪುರಾವೆ ಸಿಕ್ಕರೆ ಮತ್ತೆ ಹಿಡಿಯಬಹುದು. ಪೂರ್ತಿ ವಿಚಾರಣೆ ಮುಗಿದು ಖುಲಾಸೆಯಾದವನ ಮೇಲೆ ಮೇಲಿನ ಕೋರ್ಟಿಗೆ ಅಪೀಲು ಹೋಗಬಹುದು. ಆ ಖುಲಾಸೆ ಊರ್ಜಿತವಾಗಿರುವ ತನಕ ಅದೇ ಅಪರಾಧಕ್ಕೆ ಇನ್ನೊಂದು ವಿಚಾರಣೆ ಹೂಡುವ ಹಾಗಿಲ್ಲ. ಇಷ್ಟು ದೂರದ ಎರಡು ಸಂಗತಿಗೆ ಒಂದೇ ಪದ ಸಾಲದು, ಅಲ್ವಾ?

‘ದೋಷಮುಕ್ತ’ ಪೇಪರಿನಲ್ಲಿ ಜಾಸ್ತಿ ಕಾಣುತ್ತದೆ. ಋಣಮುಕ್ತ, ರೋಗಮುಕ್ತ ಅಂದ ಹಾಗೆ, ಮೊದಲು ಇತ್ತು, ಈಗ ಕಳೆಯಿತು ಅನ್ನೋ ಧ್ವನಿ ನನಗೆ ಕೇಳಿಸುತ್ತದೆ. ನಿಮಗೂ ಹಾಗೆ ಅನಿಸುತ್ತಾ?

ತೀರ್ಪಿನ ವಾಕ್ಯಕ್ಕೆ ಖುಲಾಸೆ ಅಂತ ಗೆಳೆಯ ಈಗ ಅರೆಮನಸ್ಸಿನಿಂದ ಒಪ್ಪಿದ್ದಾನೆ. ನಿಜವಾದ ತೊಡಕು ಅದರ ಮುಂದಿನ ಪ್ಯಾರಾದಲ್ಲಿದೆ. ಸತ್ತವನ ತಾಯಿ ಅಂಕೋಲೆ ಕಡೆಯವಳು. ಒಳಗೆ ತೀರ್ಪು ಇಂಗ್ಲಿಷಿನಲ್ಲಿ ಓದಿದ್ದಾರೆ. ಅವಳಿಗೆ ಏನೂ ತಿಳಿದಿಲ್ಲ. ಹೊರಗೆ ಮೆಟ್ಟಿಲ ಮೇಲೆ, ಕೈಯಲ್ಲಿ ಬಸ್ಸಿನ ಟಿಕೆಟು ಮಡಚುತ್ತಾ ನಿಂತು, ವಕೀಲರ ಗುಮಾಸ್ತನನ್ನು ಕೇಳುತ್ತಾಳೆ: "ಎಂತಾಯ್ತು ತಮಾ?"

ಆ ಹುಡುಗ ‘ಖುಲಾಸೆ’ ಅನ್ನೋಲ್ಲ, ಅವಳಿಗೆ ಅರ್ಥ ಆಗೋಲ್ಲ. ‘ನಿರ್ದೋಷಿ’ ಅಂದರೆ ಅವಳ ಎದೆಗೆ ಒದ್ದ ಹಾಗೆ. ನಮ್ಮ ಪಕ್ಕದ ಮನೆಯ ಕೊಂಕಣಿ ಅಜ್ಜಿಯನ್ನು ಕೇಳಿದೆ. "ಸುಟ್ಲೊ" ಅಂದರು. ತಪ್ಪಿಸಿಕೊಂಡನೋ, ಬಿಟ್ಟರೋ, ಎರಡೂ ಆ ಒಂದು ಪದದಲ್ಲಿವೆ. ಕನ್ನಡದಲ್ಲಿ ‘ಪಾರಾದ’ ಅಂದರೆ ಆರೋಪಿ ಕಡೆಯವರ ಮಾತಾಗುತ್ತದೆ. ಶಿರಸಿ ಕಡೆ "ಕೇಸು ಬಿಟ್ಟೋಯ್ತು" ಅಂತಾರೆ. ಅದರಲ್ಲಿ ಯಾರು ಬಿಟ್ಟರು ಅನ್ನೋದೇ ಇಲ್ಲ. ಈ ಕಥೆಗೆ ಅದೇ ಸರಿಯೇನೋ ಅಂತ ಒಮ್ಮೊಮ್ಮೆ ಅನಿಸುತ್ತದೆ.

ಕೋರ್ಟಿನಲ್ಲಿ ಕೆಲಸ ಮಾಡಿದವರು, ಹೊನ್ನಾವರ, ಭಟ್ಕಳ, ಹಳಿಯಾಳದ ಕಡೆಯವರು ದಯವಿಟ್ಟು ಹೇಳಿ. ಇಂಥ ಹೊತ್ತಿನಲ್ಲಿ ನೀವು ನಿಜವಾಗಿ ಕೇಳಿದ ಮಾತು ಯಾವುದು? ಆ ಹುಡುಗ ಆ ತಾಯಿಗೆ ಏನಂತ ಹೇಳಲಿ?