ತೊನ್ನು, ಕುಷ್ಠ, ದೊಡ್ಡ ರೋಗ: ದೊರೆಯ ಕಾಯಿಲೆಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಜೆರುಸಲೇಮಿನ ದೊರೆ ನಾಲ್ಕನೇ ಬಾಲ್ಡ್ವಿನ್ (1161–1185) ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ ಅವನಿಗೆ 'ತೊನ್ನು' ಇತ್ತು ಅಂತ ಬರೆದಿದ್ದೆ. ಹಳೆಯ ನಿಘಂಟುಗಳಲ್ಲಿ ಆ ಪದಕ್ಕೆ ಕುಷ್ಠ ಎಂಬ ಅರ್ಥವೂ ಇದೆಯಲ್ಲ. ಓದಿದ ಗೆಳತಿ ನಕ್ಕಳು. "ತೊನ್ನು ಅಂದ್ರೆ ಮೈಮೇಲಿನ ಬಿಳಿ ಮಚ್ಚೆ ಅಲ್ವಾ? ಅಷ್ಟಕ್ಕೇ ಕಣ್ಣು ಹೋಗಿ ಪಲ್ಲಕ್ಕಿ ಹತ್ತಿದನಾ ನಿನ್ನ ದೊರೆ?"

ಅವಳು ಹೇಳಿದ್ದು ಸರಿ. ಬಾಲ್ಡ್ವಿನ್‌ಗೆ ಪಾಠ ಹೇಳಿದ ಟೈರ್ ಊರಿನ ವಿಲಿಯಂ ಕಂಡದ್ದನ್ನು ಬರೆದಿಟ್ಟಿದ್ದಾನೆ. ಹುಡುಗರು ಆಡುತ್ತಾ ಒಬ್ಬರ ಕೈಯನ್ನೊಬ್ಬರು ಉಗುರಿನಿಂದ ಚಿವುಟುತ್ತಿದ್ದರು. ಉಳಿದವರು ಕೂಗಿಕೊಂಡರೆ ಬಾಲ್ಡ್ವಿನ್ ಮಾತ್ರ ಸುಮ್ನೆ ಇರುತ್ತಿದ್ದ. ಹುಡುಗ ಗಟ್ಟಿಗ ಅಂದುಕೊಂಡಿದ್ದ ಮೇಷ್ಟ್ರು ಕರೆದು ವಿಚಾರಿಸಿದರೆ, ಬಲಗೈ ಅರ್ಧಕ್ಕರ್ಧ ಮರಗಟ್ಟಿತ್ತು! ತೊನ್ನಿನಲ್ಲಿ ಬಣ್ಣ ಹೋಗುತ್ತದೆ, ಸ್ಪರ್ಶ ಹೋಗುವುದಿಲ್ಲ. ಚಿವುಟಿದರೂ ಗೊತ್ತಾಗದಿರುವುದು ಕುಷ್ಠದ ಗುರುತು.

ವಿಲಿಯಂ ಬರೀ ರೋಗದ ಹೆಸರು ಬರೆದು ಬಿಟ್ಟಿದ್ದರೆ ನಾವು ಇಷ್ಟು ಧೈರ್ಯವಾಗಿ ಹೇಳಲು ಆಗುತ್ತಿರಲಿಲ್ಲ. ಹಳೆಯ ಗ್ರೀಕ್ ವೈದ್ಯರು 'ಲೆಪ್ರಾ' ಅನ್ನುತ್ತಿದ್ದದ್ದು ಹೊಟ್ಟು ಏಳುವ ಚರ್ಮಕ್ಕೆ. ಕುಷ್ಠಕ್ಕೆ ಅವರಿಟ್ಟ ಹೆಸರು 'ಎಲಿಫಾಂಟಿಯಾಸಿಸ್'. ಇವತ್ತು ಅದು ಆನೆಕಾಲು ರೋಗದ ಪಾಲಾಗಿದೆ. ಅರಬ್ಬಿಯಲ್ಲಾದರೆ ಕುಷ್ಠಕ್ಕೆ 'ಜುದಾಮ್', ತೊನ್ನಿಗೆ 'ಬರಸ್' ಅಂತ ಬೇರೆ ಬೇರೆ ಪದಗಳಿವೆ. ನಮ್ಮ 'ಕುಷ್ಠ'ವೂ ಸಡಿಲವೇ. ಚರಕ ಸಂಹಿತೆ 18 ಬಗೆಯ ಕುಷ್ಠ ಹೇಳುತ್ತದೆ. ಹುಳುಕಡ್ಡಿಯಂಥ ದದ್ರು, ಕಜ್ಜಿಯಂಥ ಪಾಮಾ ಕೂಡ ಅದರೊಳಗೇ ಬರುತ್ತವೆ. ಹಾಗಾಗಿ ಹಳೆಯ ಕತೆಯೊಂದರಲ್ಲಿ ರಾಜನಿಗೆ ಕುಷ್ಠ ಬಂತು, ಎಣ್ಣೆ ಹಚ್ಚಿದ ಮೇಲೆ ವಾಸಿಯಾಯಿತು ಅಂತಿದ್ದರೆ ಪವಾಡ ಅನ್ನುವ ಮುಂಚೆ ನಾನು ಹುಳುಕಡ್ಡಿಯನ್ನು ನೆನೆಯುತ್ತೇನೆ.

ಇನ್ನೊಂದು ತೊಡಕಿದೆ. ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್ 1329ರಲ್ಲಿ ತೀರಿಕೊಂಡ. ಫ್ರೆಂಚ್‌ನಲ್ಲಿ ಬರೆದ ಜಾನ್ ಲ ಬೆಲ್ ಅವನಿಗಿದ್ದದ್ದು 'ದೊಡ್ಡ ರೋಗ' ಅನ್ನುತ್ತಾನೆ. ಅದು ಕುಷ್ಠವೇ ಹೌದಾ ಎಂಬ ಜಗಳ ಇನ್ನೂ ಮುಗಿದಿಲ್ಲ. ಸೋಜಿಗ ಅಂದರೆ, ನಮ್ಮಜ್ಜಿಯೂ ಕುಷ್ಠದ ಹೆಸರೆತ್ತದೆ 'ದೊಡ್ಡ ರೋಗ' ಅಂತಲೇ ಅನ್ನುತ್ತಿದ್ದರು, ಅದೂ ದನಿ ತಗ್ಗಿಸಿ.

ನಿಮ್ಮ ಕಡೆ ಕುಷ್ಠಕ್ಕೂ 'ತೊನ್ನು' ಅನ್ನುವುದುಂಟಾ? 'ದೊಡ್ಡ ರೋಗ' ಅಂದರೆ ಕುಷ್ಠ ಮಾತ್ರವೋ, ಬೇರೆ ಕಾಯಿಲೆಗೂ ಸಲ್ಲುತ್ತದೋ? ಸದ್ಯಕ್ಕೆ ಬಾಲ್ಡ್ವಿನ್‌ಗೆ 'ಕುಷ್ಠ' ಅಂತ ತಿದ್ದಿದ್ದೇನೆ. ಬ್ರೂಸ್‌ನದು 'ದೊಡ್ಡ ರೋಗ'ವಾಗಿಯೇ ಇದೆ.